ಟಿವಿಟಿ ಗಡ್ಡೆ ಬಂದ ಬೀದಿ ನಾಯಿಗೆ ವಾರವಾರದ ಮದ್ದು ಮುಗಿಸುವುದು ಹೇಗೆ

ಬೀದಿಯ ಹೆಣ್ಣು ನಾಯಿಯ ಹಿಂಭಾಗದಿಂದ ರಕ್ತ ತೊಟ್ಟಿಕ್ಕುತ್ತಿದ್ದರೆ ಎಲ್ಲರೂ ಹೇಳುವುದು ಒಂದೇ ಮಾತು: "ಬೆದೆಗೆ ಬಂದಿದೆ ಬಿಡಿ." ಬೆದೆಯ ರಕ್ತ ಎರಡು ಮೂರು ವಾರದೊಳಗೆ ತಾನಾಗಿಯೇ ನಿಲ್ಲುತ್ತದೆ. ಆಮೇಲೂ ನಿಲ್ಲದೆ, ನಾಯಿ ಹೊತ್ತುಹೊತ್ತಿಗೂ ಅಲ್ಲೇ ನೆಕ್ಕಿಕೊಳ್ಳುತ್ತಾ, ಬಾಲ ಎತ್ತಿದಾಗ ಹೂಕೋಸಿನ ಹಾಗೆ ಕೆಂಪಗೆ ಏನಾದರೂ ಕಂಡರೆ ಅದು ಗಡ್ಡೆ. ಗಂಡು ನಾಯಿಗೂ ಬರುತ್ತದೆ. ಉಚ್ಚೆ ಹೊಯ್ಯುವ ಜಾಗದಿಂದ ರಕ್ತ ಹನಿಯುತ್ತಿರುತ್ತದೆ, ಯಾರೋ ಕಲ್ಲು ಹೊಡೆದಿರಬೇಕು ಅಂತ ಜನ ಸುಮ್ಮನಾಗುತ್ತಾರೆ.

ಪಶುವೈದ್ಯರು ಇದನ್ನು ಟಿವಿಟಿ ಅನ್ನುತ್ತಾರೆ, ಅಂದರೆ ಕೂಡುವಾಗ ನಾಯಿಯಿಂದ ನಾಯಿಗೆ ಅಂಟುವ ಗಡ್ಡೆ. ಹೌದು, ಕ್ಯಾನ್ಸರೇ. ಆ ಪದ ಕಿವಿಗೆ ಬಿದ್ದ ಕೂಡಲೇ "ಪಾಪ, ಇನ್ನು ಉಳಿಯಲ್ಲ" ಅಂತ ಕೈಬಿಡುವವರೇ ಜಾಸ್ತಿ. ಬಿಡಬೇಡಿ. ನಾಯಿಗಳ ಕ್ಯಾನ್ಸರ್‌ಗಳಲ್ಲಿ ಇದರಷ್ಟು ಚೆನ್ನಾಗಿ ವಾಸಿಯಾಗುವಂಥವು ಬಹಳ ಕಡಿಮೆ. ವಿನ್‌ಕ್ರಿಸ್ಟಿನ್ ಅನ್ನುವ ಇಂಜೆಕ್ಷನ್ ವಾರಕ್ಕೊಂದರಂತೆ ಸಾಮಾನ್ಯವಾಗಿ ನಾಲ್ಕರಿಂದ ಆರು, ಕೆಲವು ನಾಯಿಗೆ ಎಂಟರ ತನಕ ಬೇಕಾಗುತ್ತದೆ. ಪೂರ್ತಿ ಮುಗಿಸಿದರೆ ಹತ್ತರಲ್ಲಿ ಒಂಬತ್ತು ನಾಯಿ ಗುಣವಾಗುತ್ತವೆ. ಮದ್ದು ಸಲೀಸು. ಹೋದ ವಾರ ಸೂಜಿ ಚುಚ್ಚಿಸಿದ ನಿಮ್ಮನ್ನೇ ನಂಬಿ ನಾಯಿ ಈ ವಾರವೂ ಆಟೋ ಹತ್ತಬೇಕಲ್ಲ, ಕಷ್ಟ ಇರುವುದು ಅಲ್ಲಿ.

ನಾನು ಮೈಸೂರಿನ ಪಡುವಾರಹಳ್ಳಿಯಲ್ಲಿ ಮೆಸ್ ನಡೆಸುತ್ತೇನೆ. ಊಟಕ್ಕೆ ಬರುವವರು ಮಾನಸಗಂಗೋತ್ರಿಯ ಹುಡುಗ ಹುಡುಗಿಯರು. ಬಾಗಿಲಲ್ಲಿ ಕಾಯುವವಳು ಕೆಂಚಿ, ಕೆಂಪು ಬಣ್ಣದ ಬೀದಿ ನಾಯಿ. ಅವಳಿಗೆ ಈ ಗಡ್ಡೆ ಬಂದಾಗ ಝುವಾಲಜಿ ಓದುವ ಹುಡುಗಿಯೊಬ್ಬಳು ತಟ್ಟೆ ಮುಂದಿಟ್ಟುಕೊಂಡೇ ಎಲ್ಲರಿಗೂ ಪಾಠ ಮಾಡಿದಳು. ಕ್ಯಾನ್ಸರ್ ಸಾಮಾನ್ಯವಾಗಿ ಒಂದು ಮೈಯಿಂದ ಇನ್ನೊಂದು ಮೈಗೆ ಅಂಟುವುದಿಲ್ಲ ಅಲ್ವಾ, ಇದು ಅಂಟುತ್ತದಂತೆ. ನಾಯಿಗಳು ಕೂಡುವಾಗ, ಒಂದನ್ನೊಂದು ಮೂಸಿ ನೆಕ್ಕುವಾಗ, ಗಡ್ಡೆಯ ಜೀವಕೋಶಗಳೇ ಉದುರಿ ಇನ್ನೊಂದರ ಮೈಯಲ್ಲಿ ಬೇರೂರುತ್ತವೆ. ನಾಯಿಯ ಜೀವಕೋಶದಲ್ಲಿ 78 ಕ್ರೋಮೊಸೋಮ್ ಇರುತ್ತವೆ, ಈ ಗಡ್ಡೆಯ ಕೋಶದಲ್ಲಿ ಅರುವತ್ತರ ಆಸುಪಾಸು. ಯಾಕೆಂದರೆ ಇವು ಕೆಂಚಿಯ ಕೋಶಗಳೇ ಅಲ್ಲ. ಸಾವಿರಾರು ವರ್ಷದ ಹಿಂದೆ ಎಲ್ಲೋ ಬದುಕಿದ್ದ ಒಂದು ನಾಯಿಯ ಕೋಶಗಳು, ನಾಯಿಯಿಂದ ನಾಯಿಗೆ ದಾಟಿಕೊಂಡು ಪಡುವಾರಹಳ್ಳಿಗೆ ಬಂದಿವೆ. ಆ ಹೊತ್ತು ಯಾರೂ ಎರಡನೇ ಸಲ ಸಾಂಬಾರ್ ಹಾಕಿಸಿಕೊಳ್ಳಲಿಲ್ಲ.

ಮನುಷ್ಯರಿಗೆ ಇದು ಅಂಟುವುದಿಲ್ಲ. ಇದನ್ನು ಬೀದಿಯವರಿಗೆ ಮೊದಲ ದಿನವೇ ಗಟ್ಟಿಯಾಗಿ ಹೇಳಿ. "ಬಾಗಿಲಿಗೆ ರಂಗೋಲಿ ಹಾಕಿದ ಮೇಲೆ ರಕ್ತ ಬೀಳಿಸ್ತದೆ, ಓಡಿಸಮ್ಮ" ಅಂತ ಎದುರು ಮನೆಯವರು ಗೊಣಗುತ್ತಿದ್ದರು. "ಆಂಟಿ, ಕಾಯಿಲೆ ವಾಸಿಯಾದರೆ ರಕ್ತವೂ ನಿಲ್ಲುತ್ತದೆ, ಓಡಿಸಿದರೆ ಪಕ್ಕದ ಬೀದಿಯಲ್ಲಿ ಹತ್ತು ನಾಯಿಗೆ ಹಂಚಿಕೊಂಡು ವಾಪಸ್ ಬರುತ್ತದೆ" ಅಂದೆ. ಆಮೇಲೆ ಅವರೇ ಹಳೇ ಬೆಡ್‌ಶೀಟ್ ಕೊಟ್ಟರು.

ಮುಟ್ಟುವ ಮೊದಲು

ಟಿವಿಟಿ ಮನುಷ್ಯರಿಗೆ ಬರುವುದಿಲ್ಲ, ಆದರೆ ರೇಬೀಸ್ ಬರುತ್ತದೆ. ನಾಯಿಯ ದವಡೆ ಜೋತುಬಿದ್ದಿದೆಯಾ, ಜೊಲ್ಲು ಸುರಿಯುತ್ತಿದೆಯಾ, ನೀರು ನುಂಗಲು ಆಗುತ್ತಿಲ್ಲವಾ, ಬೊಗಳುವ ದನಿ ಬದಲಾಗಿದೆಯಾ, ಸುಮ್ನೆ ಕಲ್ಲು ಕಟ್ಟಿಗೆ ಕಚ್ಚುತ್ತಿದೆಯಾ ನೋಡಿ. ಇದರಲ್ಲಿ ಒಂದು ಕಂಡರೂ ಹತ್ತಿರ ಹೋಗಬೇಡಿ. ಮಕ್ಕಳನ್ನು ದೂರ ಕಳಿಸಿ, ಪಾಲಿಕೆಗೋ ಪಶು ಆಸ್ಪತ್ರೆಗೋ ತಿಳಿಸಿ.

ಬೀದಿ ನಾಯಿಗಳನ್ನು ಆಗಾಗ ಹಿಡಿಯುವವರಾದರೆ ಕಚ್ಚಿಸಿಕೊಳ್ಳುವ ಮೊದಲೇ ಲಸಿಕೆ ಹಾಕಿಸಿಕೊಳ್ಳಿ. 0, 7, ಆಮೇಲೆ 21 ಅಥವಾ 28ನೇ ದಿನ, ಮೂರು ಇಂಜೆಕ್ಷನ್. ಕಚ್ಚಿದರೆ, ಹಲ್ಲು ಗೀರಿದರೂ ಸರಿ, ನಲ್ಲಿ ಬಿಟ್ಟು ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, ಹದಿನೈದು ನಿಮಿಷ ನಾವು ಅಂದುಕೊಳ್ಳುವುದಕ್ಕಿಂತ ಉದ್ದ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಮೆತ್ತಬೇಡಿ. ಅವತ್ತೇ ಕೆ.ಆರ್. ಆಸ್ಪತ್ರೆಗೆ ಹೋಗಿ. ಮಂಡ್ಯದವರಾದರೆ ಮಿಮ್ಸ್‌ಗೆ. ತೋಳಿನ ಸ್ನಾಯುವಿಗೆ ಕೊಡುವ ಲಸಿಕೆ 0, 3, 7, 14, 28ನೇ ದಿನ ಇರುತ್ತದೆ. ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯದೊಳಗೆ, ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ರೇಬೀಸ್ ವೈರಸ್ಸನ್ನು ಅಲ್ಲೇ ತಡೆಯುವ ಮದ್ದು) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ಮೊದಲೇ ಮೂರು ಇಂಜೆಕ್ಷನ್ ಆಗಿದ್ದರೂ ಕಚ್ಚಿದ ಮೇಲೆ ಹೋಗಲೇಬೇಕು, ಡೋಸ್ ಮಾತ್ರ ಕಡಿಮೆ.

ಇನ್ನೊಂದು. ಗಡ್ಡೆ ಒಡೆದು ನೊಣ ಕೂತು ಹುಳ ಬಿದ್ದಿರಬಹುದು. ಪೆಟ್ರೋಲು, ಫಿನಾಯಿಲು, ಸೀಮೆಎಣ್ಣೆ ಸುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಜಾಗದ ಚರ್ಮ ಎಷ್ಟು ನಾಜೂಕು ಅಂತ ಒಂದು ಕ್ಷಣ ಯೋಚಿಸಿ ಸಾಕು. ಹುಳ ತೆಗೆಯುವುದನ್ನು ಡಾಕ್ಟರಿಗೇ ಬಿಡಿ. ನೋವಿಗೆ ಅಂತ ನಿಮ್ಮ ಮನೆಯ ಪ್ಯಾರಸಿಟಮಾಲ್, ಬ್ರೂಫೆನ್ ಕೊಡಬೇಡಿ. ಅವು ನಾಯಿಗೆ ವಿಷ.

ನಂಬಿಕೆ ಹುಟ್ಟಿಸುವ ಕೆಲಸ

ಮೊದಲ ದಿನವೇ ಬಲೆ, ಹಗ್ಗ ಅಂತ ಹೋಗಬೇಡಿ. ಒಂದು ಸಲ ಹಾಗೆ ಹಿಡಿದರೆ ಮೊದಲ ಇಂಜೆಕ್ಷನ್ನೇನೋ ಆಗುತ್ತದೆ. ಎರಡನೆಯದಕ್ಕೆ ನಾಯಿ ನಿಮ್ಮ ಚಪ್ಪಲಿ ಸದ್ದಿಗೇ ಜಾಗ ಖಾಲಿ ಮಾಡುತ್ತದೆ. ತುರ್ತಿಲ್ಲದಿದ್ದರೆ ಒಂದು ವಾರ ಬರೀ ಊಟ ಹಾಕಿ. ಅದೇ ಹೊತ್ತು, ಅದೇ ಜಾಗ, ಅದೇ ತಟ್ಟೆ, ಅದೇ ಕರೆಯುವ ದನಿ. ತಿನ್ನುವಾಗ ಬೆನ್ನು ಮುಟ್ಟಿ, ಆಮೇಲೆ ಕುತ್ತಿಗೆ, ಆಮೇಲೆ ಕುತ್ತಿಗೆಗೆ ಒಂದು ಬಟ್ಟೆ ಹಾಕಿ ತೆಗೆಯಿರಿ. ಮುಂಗಾಲು ಮುಟ್ಟುವುದನ್ನು ಮರೆಯಬೇಡಿ. ಸೂಜಿ ಬೀಳುವುದು ಅಲ್ಲಿಗೇ, ಮುಂಗಾಲು ಹಿಡಿದರೆ ಗಾಬರಿಯಾಗದ ನಾಯಿಗೆ ಅರ್ಧ ಕೆಲಸ ಮುಗಿದಿರುತ್ತದೆ.

ಒಂದು ತಿಂಡಿಯನ್ನು ಆಟೋಗೇ ಅಂತ ಮೀಸಲಿಡಿ. ಬೇರೆ ಹೊತ್ತಿನಲ್ಲಿ ಅದನ್ನು ಕೊಡಲೇಬಾರದು. ಕೆಂಚಿಗೆ ಬೇಯಿಸಿದ ಕೋಳಿ ಲಿವರ್. ಇಂಜೆಕ್ಷನ್‌ಗೆ ಹೋಗುವಾಗ ಒಂದು ತುಂಡು, ಮೇಜಿನ ಮೇಲೆ ಒಂದು, ಇಳಿದ ಮೇಲೆ ಉಳಿದದ್ದೆಲ್ಲ. ಪಾರ್ಲೆ-ಜಿ ಬಿಸ್ಕತ್ತು ಎಲ್ಲರೂ ಹಾಕುತ್ತಾರೆ, ಅದಕ್ಕೆ ಈ ಕೆಲಸದಲ್ಲಿ ಬೆಲೆಯಿಲ್ಲ.

ಆಟೋದವರ ಜೊತೆ ಮೊದಲೇ ಮಾತಾಡಿ. ನಾಯಿ ಅಂತ ಹೇಳದೆ ಕರೆಸಬೇಡಿ. ಕಾಯುವುದೂ ಸೇರಿಸಿ ಬಾಡಿಗೆ ಒಪ್ಪಿಸಿ, ಸೀಟಿನ ಕೆಳಗೆ ಗೋಣಿಚೀಲ ಹಾಸಿ, ಇಳಿದ ಮೇಲೆ ನೀವೇ ಒರೆಸಿಕೊಡಿ. ನಮ್ಮ ಬೀದಿಯ ಆಟೋ ಅಣ್ಣ ಮೊದಲು ಮುಖ ಸಿಂಡರಿಸಿದವರು, ಆಮೇಲೆ "ಮೇಡಂ, ನಾಳೆ ಕೆಂಚಿ ಡ್ಯೂಟಿ ಅಲ್ವಾ" ಅಂತ ಅವರೇ ನೆನಪಿಸುವಷ್ಟಾಯಿತು. ನಾಯಿ ಪಕ್ಕ ಇಬ್ಬರು ಕೂರಬೇಕು. ತಲೆ ಕಡೆ ಅದಕ್ಕೆ ಗುರುತಿರುವವರು. ಮೂತಿಗೆ ಅಗಲವಾದ ಬ್ಯಾಂಡೇಜ್ ಬಟ್ಟೆಯನ್ನು ಮೇಲಿಂದ ಒಂದು ಸುತ್ತು, ಕೆಳಗೆ ಒಂದು ಗಂಟು, ಕಿವಿಯ ಹಿಂದೆ ಎಳೆದರೆ ಬಿಚ್ಚಿಕೊಳ್ಳುವ ಗಂಟು. ನಾಯಿ ವಾಂತಿ ಮಾಡುತ್ತಿದ್ದರೆ ಅಥವಾ ಏದುಸಿರು ಬಿಡುತ್ತಿದ್ದರೆ ಕಟ್ಟಬಾರದು.

ವಾರದ ದಿನ ಆರಿಸುವಾಗ ನಿಮ್ಮ ಕೆಲಸ ನೋಡಿಕೊಳ್ಳಿ. ಭಾನುವಾರ ರಾತ್ರಿ ಮೆಸ್ಸಿಗೆ ರಜೆ, ಆದರೆ ಅವತ್ತು ಕ್ಲಿನಿಕ್ಕಿಗೂ ರಜೆ. ನಾನು ಹಿಡಿದಿದ್ದು ಬುಧವಾರ, ತಿಂಡಿ ಮುಗಿದು ಮಧ್ಯಾಹ್ನದ ಅನ್ನಕ್ಕೆ ಇಡುವುದರೊಳಗಿನ ಹೊತ್ತು. ಕ್ಯಾಲೆಂಡರ್‌ನಲ್ಲಿ ಮುಂದಿನ ಬುಧವಾರಗಳನ್ನೆಲ್ಲ ಒಟ್ಟಿಗೆ ಗುರುತು ಹಾಕಿ. ದಸರಾ ಬಂದರೆ ಹುಷಾರು. ಜಂಬೂಸವಾರಿ ದಿನ ಅರಮನೆ ಸುತ್ತಮುತ್ತ ಆಟೋ ಹೋಗುವುದಿಲ್ಲ, ಒಂದು ದಿನ ಹಿಂದೆ ಮುಂದೆ ಮಾಡಬಹುದಾ ಅಂತ ಡಾಕ್ಟರ್ ಹತ್ತಿರ ಮೊದಲೇ ಕೇಳಿಡಿ. ದೀಪಾವಳಿಯ ಪಟಾಕಿಗೆ ಬೀದಿ ನಾಯಿಗಳು ದಿಕ್ಕಾಪಾಲಾಗುತ್ತವೆ. ಆ ಮೂರು ದಿನ ಕಾಂಪೌಂಡ್ ಒಳಗೆ ಹಾಕಿಕೊಳ್ಳುವುದೇ ವಾಸಿ.

ಡಾಕ್ಟರ ಹತ್ತಿರ

ಫೋನಿನಲ್ಲೇ ಎರಡು ಪ್ರಶ್ನೆ ಕೇಳಿ: ಬೀದಿ ನಾಯಿ ನೋಡುತ್ತೀರಾ, ಟಿವಿಟಿಗೆ ವಿನ್‌ಕ್ರಿಸ್ಟಿನ್ ಕೊಡುತ್ತೀರಾ. ಒಂದು ಕಡೆ "ಬೀದಿದಾ?" ಅಂದವರು ಆಮೇಲೆ ಫೋನೇ ಎತ್ತಲಿಲ್ಲ. ಆಟೋ ಬಾಡಿಗೆ ಉಳಿಯಿತು, ಅಷ್ಟೇ. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿರುವ ನನ್ನ ತಂಗಿ ತಾಲ್ಲೂಕು ಪಶು ಆಸ್ಪತ್ರೆಯಲ್ಲೇ ಆಲೆಮನೆಯ ನಾಯಿಯೊಂದಕ್ಕೆ ಮಾಡಿಸಿದಳು. ಔಷಧ ಅಲ್ಲಿ ಇಲ್ಲದಿದ್ದರೆ ಚೀಟಿ ಬರೆಸಿಕೊಂಡು ಪೇಟೆಯ ದೊಡ್ಡ ಮೆಡಿಕಲ್ಸ್‌ನಲ್ಲಿ ತರಬೇಕಾಗುತ್ತದೆ. ವಿನ್‌ಕ್ರಿಸ್ಟಿನ್ ಫ್ರಿಜ್‌ನಲ್ಲಿಡುವ ಮದ್ದು, 2ರಿಂದ 8 ಡಿಗ್ರಿ ಬೇಕು. ಐಸ್ ಜೊತೆ ತನ್ನಿ, ಆದರೆ ಸೀಸೆ ಹೆಪ್ಪುಗಟ್ಟಬಾರದು. ಬಸ್ಸಿನ ಕಿಟಕಿ ಪಕ್ಕ ಬಿಸಿಲಲ್ಲಿ ಬ್ಯಾಗು ಇಡಬೇಡಿ.

ಮೊದಲ ಭೇಟಿಯಲ್ಲೇ ಸೂಜಿ ಬೀಳದಿರಬಹುದು, ಅದಕ್ಕೆ ಬೇಸರ ಬೇಡ. ಗಡ್ಡೆಗೆ ಗಾಜಿನ ಸ್ಲೈಡ್ ಒತ್ತಿ ಕೋಶ ಪರೀಕ್ಷೆ ಮಾಡುತ್ತಾರೆ, ಅದು ಟಿವಿಟಿ ಹೌದೋ ಅಲ್ಲವೋ ಗೊತ್ತಾಗುತ್ತದೆ. ರಕ್ತ ಪರೀಕ್ಷೆ ಬೇಕೇಬೇಕು. ಬೀದಿ ನಾಯಿಗಳಿಗೆ ಉಣ್ಣಿ ಕಚ್ಚಿ ಬರುವ ಜ್ವರ ಇರುವುದು ಮಾಮೂಲು, ಅದರಿಂದ ಪ್ಲೇಟ್‌ಲೆಟ್ ಕಡಿಮೆಯಾಗಿರುತ್ತದೆ. ಹಾಗಿದ್ದರೆ ಮೊದಲು ಅದಕ್ಕೆ ಮಾತ್ರೆ ಶುರು ಮಾಡಬಹುದು. ಆದರೆ ಉಣ್ಣಿಗೋ ಕಜ್ಜಿಗೋ ಅಂತ ಯಾರಾದರೂ ಐವರ್‌ಮೆಕ್ಟಿನ್ ಚುಚ್ಚಿದ್ದರೆ ತಪ್ಪದೆ ಹೇಳಿ. ಅದೂ ವಿನ್‌ಕ್ರಿಸ್ಟಿನ್ನೂ ಒಟ್ಟಿಗೆ ಸೇರಿದರೆ ಕೆಲವು ನಾಯಿಗೆ ತೊಂದರೆಯಾಗಬಹುದು. ಹೊಟ್ಟೆಯಲ್ಲಿ ಮರಿ ಇದೆಯಾ, ಹಾಲು ಕುಡಿಸುತ್ತಿದ್ದಾಳಾ ಅನ್ನುವುದನ್ನೂ ಅವರು ಕೇಳುವ ಮುಂಚೆ ನೀವೇ ಹೇಳಿ. ವಿನ್‌ಕ್ರಿಸ್ಟಿನ್ ಬೆಳೆಯುವ ಕೋಶಗಳನ್ನು ಕೊಲ್ಲುವ ಮದ್ದು, ಮರಿಗಳನ್ನೂ ಬಿಡುವುದಿಲ್ಲ.

ತೂಕ ಸರಿಯಾಗಿ ಗೊತ್ತಿರಬೇಕು, ಡೋಸ್ ಲೆಕ್ಕ ಹಾಕುವುದು ಅದರಿಂದಲೇ. ನಮ್ಮಲ್ಲಿ ಅಕ್ಕಿ ಮೂಟೆ ತೂಗುವ ತೂಕದ ಯಂತ್ರ ಇತ್ತು, ಕೆಂಚಿಯನ್ನು ಎತ್ತಿಕೊಂಡು ಒಬ್ಬ ಹುಡುಗ ಅದರ ಮೇಲೆ ನಿಂತ, ಅವನ ತೂಕ ಕಳೆದೆವು. ಹದಿನೈದು ಕಿಲೋ ನಾಯಿಗೆ ಅರ್ಧ ಮಿಲಿಗ್ರಾಂ ಕೂಡ ಬೇಕಾಗುವುದಿಲ್ಲ. ಇಷ್ಟು ಸಣ್ಣ ಅಳತೆಯಲ್ಲಿ ಅಂದಾಜು ನಡೆಯುವುದಿಲ್ಲ.

ಒಂದು ಮಾತನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ: ಈ ಇಂಜೆಕ್ಷನ್ ಮನೆಯಲ್ಲಿ ಕೊಡುವುದಲ್ಲ, ಕಾಂಪೌಂಡರ್ ಗುರುತಿದ್ದರೂ ಕೊಡಿಸುವುದಲ್ಲ. ರಕ್ತನಾಳದೊಳಗೇ ಹೋಗಬೇಕು. ಒಂದೆರಡು ಹನಿ ನಾಳದ ಹೊರಗೆ ಸೋರಿದರೂ ಆ ಜಾಗದ ಮಾಂಸ ಕೊಳೆತು ದೊಡ್ಡ ಹುಣ್ಣಾಗುತ್ತದೆ, ಕಾಲೇ ಹೋಗಬಹುದು. ಅದಕ್ಕೇ ಮೊದಲು ರಕ್ತನಾಳಕ್ಕೆ ಕ್ಯಾನುಲಾ ಅನ್ನುವ ಸಣ್ಣ ಕೊಳವೆ ಹಾಕಿ, ಸಲೈನ್ ಬಿಟ್ಟು ನೋಡಿ, ಆಮೇಲೆ ಮದ್ದು ಕೊಡುತ್ತಾರೆ. ಆಗ ನಿಮ್ಮ ಕೆಲಸ ಒಂದೇ, ನಾಯಿ ಕಾಲು ಎಳೆದುಕೊಳ್ಳದ ಹಾಗೆ ಹಿಡಿಯುವುದು. ಇಷ್ಟು ಖಾರದ ಈ ಮದ್ದು ಮೂಲದಲ್ಲಿ ನಮ್ಮ ಅಂಗಳದ ನಿತ್ಯಪುಷ್ಪದ ಗಿಡದಿಂದ ಬಂದದ್ದು, ಕಾಶಿಕಣಗಲೆ ಅಂತಲೂ ಅನ್ನುತ್ತೇವಲ್ಲ, ಅದೇ. ಇದನ್ನು ಕೇಳಿ ಎಲೆ ಅರೆದು ಕುಡಿಸಲು ಹೋಗಬೇಡಿ. ಗಿಡ ವಿಷ, ಗಡ್ಡೆಯೂ ಹೋಗುವುದಿಲ್ಲ.

ಕತ್ತರಿಸಿ ತೆಗೆದುಬಿಡಿ ಅಂತ ಕೆಲವರು ಒತ್ತಾಯ ಮಾಡುತ್ತಾರೆ. ಬರೀ ಆಪರೇಷನ್ ಮಾಡಿದರೆ ಗಡ್ಡೆ ಮತ್ತೆ ಬರುವುದು ಜಾಸ್ತಿ.

ಖರ್ಚಿನಲ್ಲಿ ಮದ್ದಿನ ಸೀಸೆಯದು ಸಣ್ಣ ಪಾಲು. ರಕ್ತ ಪರೀಕ್ಷೆ, ಆಟೋ, ಕನ್ಸಲ್ಟೇಶನ್ ಸೇರಿ ಬೆಳೆಯುತ್ತದೆ. ಎಷ್ಟಾಗಬಹುದು ಅಂತ ಮೊದಲ ದಿನವೇ ಪೂರ್ತಿ ಲೆಕ್ಕ ಕೇಳಿ. ಬೇರೆಯವರಿಂದ ದುಡ್ಡು ಸೇರಿಸುವುದಾದರೆ ಬಿಲ್ಲಿನ ಫೋಟೋ ಅವತ್ತವತ್ತೇ ಹಾಕಿಬಿಡಿ.

ಬುಧವಾರದಿಂದ ಬುಧವಾರಕ್ಕೆ

ಇಂಜೆಕ್ಷನ್ ಆದ ಮೇಲೆ ಎರಡು ಮೂರು ದಿನ ಮದ್ದಿನ ಅಂಶ ಉಚ್ಚೆ, ಕಕ್ಕ, ವಾಂತಿಯಲ್ಲಿ ಹೊರಬರುತ್ತದೆ. ಸಾಧ್ಯವಾದರೆ ಅಷ್ಟು ದಿನ ಕಾಂಪೌಂಡ್ ಒಳಗೆ ಇಟ್ಟುಕೊಳ್ಳಿ. ಗ್ಲೌಸ್ ಹಾಕಿ ಎತ್ತಿ, ಸೋಪಿನ ನೀರು ಹಾಕಿ ತೊಳೆಯಿರಿ. ಬಸುರಿಯರು, ಚಿಕ್ಕ ಮಕ್ಕಳು ಆ ಕಡೆ ಬರಬಾರದು.

ಒಂದೆರಡು ದಿನ ಊಟ ಬಿಡಬಹುದು, ವಾಂತಿಯಾಗಬಹುದು, ಮಲಬದ್ಧತೆ ಬರಬಹುದು. ಬೇಯಿಸಿದ ಸಿಹಿಗುಂಬಳ ಒಂದಿಷ್ಟು ಅನ್ನಕ್ಕೆ ಕಲಸಿ ಹಾಕಿ. ಮೆಸ್ಸಿನವಳಾಗಿ ಇಲ್ಲಿ ಒಂದು ಮಾತು ಹೇಳಲೇಬೇಕು. ಉಳಿದ ಸಾಂಬಾರ್ ಅನ್ನ ಹಾಕುವುದು ಧರ್ಮ ಅಂದುಕೊಂಡವರು ಬಹಳ ಜನ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮೊದಲೇ ರಕ್ತ ಕಳೆದುಕೊಂಡ ನಾಯಿ ಇದು. ಸಾಂಬಾರಿಗೆ ಮುಂಚೆ ಬಿಳಿ ಅನ್ನ, ಮುದ್ದೆ ಒಂದು ಪಾಲು ತೆಗೆದಿಟ್ಟುಬಿಡಿ. ಅದಕ್ಕೆ ಬೇಯಿಸಿದ ಮೊಟ್ಟೆ ಅಥವಾ ಕೋಳಿ, ಇಲ್ಲವಾದರೆ ಒಗ್ಗರಣೆ ಹಾಕದ ಮೊಸರನ್ನ. ಬೇಯಿಸಿದ ಮೂಳೆ ಬೇಡ.

ಐದನೇ ದಿನದಿಂದ ಏಳನೇ ದಿನದ ತನಕ ಕಣ್ಣಿಟ್ಟಿರಿ. ಬಿಳಿ ರಕ್ತಕಣ ತೀರಾ ಕೆಳಗಿಳಿಯುವುದು ಆಗಲೇ. ನಾಯಿಯ ಮೈ ಬಿಸಿ ಸಹಜವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದರೆ, ಮೂಲೆ ಹಿಡಿದು ಮಲಗಿದರೆ, ಬುಧವಾರ ಬರಲಿ ಅಂತ ಕಾಯಬೇಡಿ. ಮುಂದಿನ ಡೋಸಿಗೆ ಮುಂಚೆ ಮತ್ತೆ ರಕ್ತಕಣದ ಲೆಕ್ಕ ನೋಡುತ್ತಾರೆ. ಬಿಳಿ ರಕ್ತಕಣ 4000ಕ್ಕಿಂತ ಕೆಳಗಿದ್ದರೆ ಡೋಸ್ ಮುಂದಕ್ಕೆ ಹೋಗುತ್ತದೆ. ಹೇಗೂ ಬಂದಿದ್ದೇವೆ ಕೊಟ್ಟುಬಿಡಿ ಅಂತ ಪೀಡಿಸಬೇಡಿ.

ಎರಡು ಡೋಸ್ ಆಗುವಷ್ಟರಲ್ಲಿ ಸಾಮಾನ್ಯವಾಗಿ ರಕ್ತ ನಿಲ್ಲುತ್ತದೆ, ಗಡ್ಡೆ ಕಣ್ಣಿಗೆ ಕಾಣುವಷ್ಟು ಕುಗ್ಗುತ್ತದೆ. ನಾಯಿ ಓಡಾಡುತ್ತದೆ, ಬೇರೆ ನಾಯಿಗಳ ಜೊತೆ ಜಗಳಕ್ಕೆ ಹೋಗುತ್ತದೆ. ಅಪಾಯ ಇರುವುದು ಇಲ್ಲೇ. "ಚೆನ್ನಾಗಾಗಿದೆಯಲ್ಲ, ಪಾಪ ಇನ್ಯಾಕೆ ಚುಚ್ಚಿಸೋದು" ಅಂತ ದುಡ್ಡು ಕೊಟ್ಟವರೇ ಹೇಳುತ್ತಾರೆ. ಮೆಸ್ಸಿನ ಹುಡುಗರೂ ಹೇಳಿದರು. ನಾಯಿಯೂ ಹುಷಾರಾಗಿರುವುದರಿಂದ ಹಿಡಿಯುವುದು ಮೊದಲಿಗಿಂತ ಕಷ್ಟ. ಒಳಗೆ ಉಳಿದ ಚೂರು ಮತ್ತೆ ಬೆಳೆಯುತ್ತದೆ, ಅರ್ಧಕ್ಕೆ ಬಿಟ್ಟ ಮದ್ದು ಎರಡನೇ ಸಲ ಅಷ್ಟು ಚೆನ್ನಾಗಿ ಕೆಲಸ ಮಾಡದಿರಬಹುದು. ಆಗ ಡಾಕ್ಸೊರುಬಿಸಿನ್‌ನಂಥ ಇನ್ನೂ ಜೋರಾದ ಮದ್ದಿಗೆ ಹೋಗಬೇಕು. ಕಣ್ಣಿಗೆ ಗಡ್ಡೆ ಪೂರ್ತಿ ಮಾಯವಾದ ಮೇಲೂ ಡಾಕ್ಟರ್ ಇನ್ನೊಂದು ಡೋಸ್ ಕೊಡುವುದುಂಟು, ಅದನ್ನೂ ಹಾಕಿಸಿ. ಮುಗಿಯಿತು ಅನ್ನುವುದನ್ನು ಅವರು ಹೇಳಬೇಕು. ಕೆಂಚಿಯ ವಿಷಯದಲ್ಲಿ ಆ ವಾರಗಳಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಮೀಸಲಿಟ್ಟ ಲಿವರ್. ಮಂಗಳವಾರ ರಾತ್ರಿಯೇ ಗೇಟಿನ ಒಳಗೆ ಕರೆದು ಮಲಗಿಸಿಬಿಡುತ್ತಿದ್ದೆ, ಬೆಳಿಗ್ಗೆ ಹುಡುಕುವ ತಾಪತ್ರಯ ಇಲ್ಲ.

ಗುಣವಾದ ಮೇಲೆ ಕೆಲವು ವಾರ ಸುಧಾರಿಸಿಕೊಳ್ಳಲು ಬಿಟ್ಟು ಸಂತಾನಹರಣ ಆಪರೇಷನ್ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ. ಕೂಡುವುದು ನಿಂತರೆ ಈ ಗಡ್ಡೆಯ ದೊಡ್ಡ ದಾರಿಯೇ ಮುಚ್ಚುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಇದು ಸ್ಥಳೀಯ ಸಂಸ್ಥೆಯ ಹೊಣೆ, ಆಪರೇಷನ್ ಆದ ನಾಯಿಯನ್ನು ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು. ಗುರುತಿಗೆ ಕಿವಿಯ ತುದಿ ಸ್ವಲ್ಪ ಕತ್ತರಿಸಿರುತ್ತಾರೆ, ಅದನ್ನು ನೋಡಿ ಗಾಬರಿಯಾಗಬೇಡಿ. ನಾಯಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದ ಆವರಣದ್ದಾದರೆ ಮಾತ್ರ 2025ರ ನವೆಂಬರ್‌ನ ಸುಪ್ರೀಂ ಕೋರ್ಟ್ ಆದೇಶ ಬೇರೆ ಹೇಳುತ್ತದೆ, ಅಂಥ ಕಡೆಯಿಂದ ಹಿಡಿದ ನಾಯಿಯನ್ನು ಅಲ್ಲಿಗೆ ಮತ್ತೆ ಬಿಡುವಂತಿಲ್ಲ. ಹಾಗಾಗಿ ಎಲ್ಲಿಂದ ಹಿಡಿದಿರಿ ಅನ್ನುವುದನ್ನು ಸರಿಯಾಗಿ ಬರೆಸಿ.

ಒಂದಕ್ಕೆ ಬಂದಿದ್ದರೆ ಅದರ ಜೊತೆ ಓಡಾಡುವ ನಾಯಿಗಳನ್ನೂ ಒಂದೊಂದಾಗಿ ನೋಡಿ. ಗಂಡುಗಳನ್ನು ಮೊದಲು. ಬರೀ ಹಿಂದೆ ನೋಡಿದರೆ ಸಾಲದು. ಮೂಸುವುದರಿಂದ ಮೂಗಿನೊಳಗೂ ಬೆಳೆಯುತ್ತದೆ, ನೆಕ್ಕುವುದರಿಂದ ಬಾಯಲ್ಲೂ. ಒಂದು ನಾಯಿ ಸುಮ್ನೆ ಸೀನುತ್ತಲೇ ಇದೆ, ಒಂದೇ ಹೊಳ್ಳೆಯಿಂದ ರಕ್ತ ಬರುತ್ತಿದೆ, ಮೂಗಿನ ಒಂದು ಬದಿ ಊದಿದೆ ಅಂದರೆ ಅದನ್ನೂ ತೋರಿಸಿ. ಆಟೋ ಹೇಗೂ ಬರುತ್ತದೆ, ಎರಡನ್ನೂ ಒಟ್ಟಿಗೆ ಹತ್ತಿಸಬೇಡಿ ಅಷ್ಟೇ.